ಐರಿಶ್ ಫೋಕ್-ಪಂಕ್ ಹುಚ್ಚು ಹತ್ತಿದೆ, ಮುಂದೆ ಏನು ಕೇಳಲಿ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. 'ದಿ ಡಿಪಾರ್ಟೆಡ್' ಸಿನಿಮಾದಲ್ಲಿ 'ಐ ಆಮ್ ಶಿಪ್ಪಿಂಗ್ ಅಪ್ ಟು ಬಾಸ್ಟನ್' ಹಾಡು ಕೇಳಿ ಹುಚ್ಚು ಹಿಡಿದಂತಾಯಿತು. ಅಲ್ಲಿಂದ ಡ್ರಾಪ್‌ಕಿಕ್ ಮರ್ಫೀಸ್, ಆಮೇಲೆ ಫ್ಲಾಗಿಂಗ್ ಮಾಲಿ, ಈಗ ದಿ ಪೋಗ್ಸ್. ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು 'ಇದು ಅಸಲಿ ಐರಿಶ್ ಸಂಗೀತವೇ ಅಲ್ಲ, ಅಮೆರಿಕದವರ ನಾಟಕ' ಎನ್ನುತ್ತಾರೆ. ಮನೆಯಲ್ಲಿ ಅಪ್ಪ 'ಕುಡುಕರ ಹಾಡು' ಎಂದು ಬೈಯುತ್ತಾರೆ. ಇದನ್ನು ತಿಳಿದುಕೊಂಡು ಕೇಳಬೇಕು ಎಂದರೆ ಎಲ್ಲಿಂದ ಶುರು ಮಾಡಲಿ? ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಜೂನಿಯರ್ ಪರೀಕ್ಷೆವರೆಗೆ ಕಲಿತಿದ್ದೆ. ಈ ಸಂಗೀತದ ಒಂದು ವಾದ್ಯ ಕಲಿಯುವ ಆಸೆಯೂ ಇದೆ.

ಉತ್ತರ: ಮೊದಲು ನಿಮ್ಮ ಸೀನಿಯರ್ ವಿಷಯ ಮುಗಿಸೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಡ್ರಾಪ್‌ಕಿಕ್ ಮರ್ಫೀಸ್ ಅಮೆರಿಕದವರೇ. ಫ್ಲಾಗಿಂಗ್ ಮಾಲಿ ತಂಡ ಕೂಡಿಕೊಂಡಿದ್ದು ಲಾಸ್ ಏಂಜಲೀಸ್‌ನಲ್ಲಿ. ಅಷ್ಟೇ ಅಲ್ಲ, ಐರಿಶ್ ಜನಪದ ಮಟ್ಟಿಗೆ ಪಂಕ್ ಎಂಬ ಒರಟು, ಜೋರು ರಾಕ್ ಬೆರೆಸುವ ಈ ಬಗೆಯ ಸಂಗೀತಕ್ಕೆ ದಾರಿ ಹಾಕಿಕೊಟ್ಟ ಪೋಗ್ಸ್ ಕೂಡ ಲಂಡನ್ ತಂಡ. ಹಾಗಂತ ಇದನ್ನು ನಕಲಿ ಎನ್ನಲು ಬರುವುದಿಲ್ಲ. ಊರು ಬಿಟ್ಟು ಹೋದವರು, ಅವರ ಮಕ್ಕಳು, ಆ ಮಕ್ಕಳ ಗೆಳೆಯರು ಸೇರಿ ಮಾಡಿದ ಸಂಗೀತ ಇದು. ಊರಿನ ಹಾಡು ಕಿವಿಯಲ್ಲಿದೆ, ಕಣ್ಣೆದುರು ಇರುವುದು ಮಾತ್ರ ಬೇರೆ ದೇಶದ ಬೀದಿ. ಆ ಜಗ್ಗಾಟದಿಂದಲೇ ಇದಕ್ಕೆ ಇಷ್ಟು ಜೋರು ಬಂದಿದೆ.

ಪೋಗ್ಸ್ ಶುರುವಾದದ್ದು 1982ರಲ್ಲಿ, ಲಂಡನ್‌ನ ಕಿಂಗ್ಸ್ ಕ್ರಾಸ್ ಸುತ್ತಮುತ್ತ. ಹಾಡು ಬರೆದು ಹಾಡುತ್ತಿದ್ದ ಶೇನ್ ಮೆಕ್‌ಗೋವನ್ ಹುಟ್ಟಿದ್ದು 1957ರ ಕ್ರಿಸ್‌ಮಸ್ ದಿನ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಅಪ್ಪ ಅಮ್ಮ ಐರಿಶ್. ಬಾಲ್ಯದ ಕೆಲವು ವರ್ಷ ಐರ್ಲೆಂಡಿನ ಟಿಪ್ಪರೇರಿಯಲ್ಲಿ ಅಮ್ಮನ ಕಡೆಯವರ ಮನೆಯಲ್ಲಿ ಕಳೆದವರು. ಆಮೇಲೆ ಲಂಡನ್‌ಗೆ ಬಂದು ಪಂಕ್ ಹುಡುಗರ ಗುಂಪಿಗೆ ಸೇರಿದರು. ಅಕಾರ್ಡಿಯನ್ ನುಡಿಸುತ್ತಿದ್ದ ಜೇಮ್ಸ್ ಫರ್ನ್‌ಲಿ ಮ್ಯಾಂಚೆಸ್ಟರ್ ಕಡೆಯವರು. ಬ್ಯಾಂಜೋದ ಜೆಮ್ ಫೈನರ್, ಟಿನ್ ವಿಸಿಲ್‌ನ ಸ್ಪೈಡರ್ ಸ್ಟೇಸಿ ಇಬ್ಬರೂ ಇಂಗ್ಲಿಷರು. ಆಂಡ್ರ್ಯೂ ರಾಂಕೆನ್ ಮೊದಮೊದಲು ಒಂದೆರಡು ಡ್ರಮ್ ಇಟ್ಟುಕೊಂಡು ನಿಂತೇ ಬಾರಿಸುತ್ತಿದ್ದರು. ಸ್ಟೇಸಿಯಂತೂ ಬಿಯರ್ ಟ್ರೇ ಎತ್ತಿಕೊಂಡು ತಾಳಕ್ಕೆ ಸರಿಯಾಗಿ ತಮ್ಮ ತಲೆಗೇ ಬಡಿದುಕೊಳ್ಳುತ್ತಿದ್ದರು. ತಂಡದ ಮೊದಲ ಹೆಸರು 'ಪೋಗ್ ಮಹೋನ್', ಐರಿಶ್ ಭಾಷೆಯ ಒಂದು ಪೋಲಿ ಬೈಗುಳ. ಬಿಬಿಸಿಯವರಿಗೆ ಅದು ಇರಿಸುಮುರಿಸಾಗಿ ಹೆಸರು ಮೊಟಕಾಯಿತು.

ಆ ಕಾಲದ ಲಂಡನ್ ಹೇಗಿತ್ತು ಎಂದು ತಿಳಿಯದಿದ್ದರೆ ಅವರ ಧೈರ್ಯ ಅರ್ಥವಾಗುವುದಿಲ್ಲ. ಉತ್ತರ ಐರ್ಲೆಂಡಿನಿಂದ ಬ್ರಿಟಿಷ್ ಆಳ್ವಿಕೆ ತೊಲಗಬೇಕು ಎಂದು ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆ 1970ರ ದಶಕದಿಂದ ಇಂಗ್ಲೆಂಡಿನಲ್ಲಿ ಬಾಂಬ್ ಇಡುತ್ತಿತ್ತು. 1974ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಕೆಲವೇ ದಿನಗಳಲ್ಲಿ ಭಯೋತ್ಪಾದನೆ ತಡೆ ಕಾನೂನು ಬಂತು. ಐರಿಶ್ ಉಚ್ಚಾರಣೆ ಕೇಳಿಸಿದರೆ ಸಾಕು, ಜನ ಅನುಮಾನದಿಂದ ನೋಡುತ್ತಿದ್ದರು. ಎಷ್ಟೋ ಐರಿಶ್ ಮನೆಗಳವರು ತಲೆ ತಗ್ಗಿಸಿಕೊಂಡು, ದನಿ ತಗ್ಗಿಸಿಕೊಂಡು ಓಡಾಡುತ್ತಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಇವರು ಲಂಡನ್ ಪಬ್‌ಗಳಲ್ಲಿ ಗಂಟಲು ಹರಿಯುವಂತೆ ಐರಿಶ್ ಹಾಡು ಹಾಡಿದರು. ಬರ್ಮಿಂಗ್‌ಹ್ಯಾಮ್ ಪ್ರಕರಣದಲ್ಲಿ ಜೈಲಿಗೆ ಹೋದ ಆರು ಜನ ನಿರಪರಾಧಿಗಳು ಎಂದು 1988ರಲ್ಲಿ ಹಾಡಿದಾಗ, ಬ್ರಿಟನ್ನಿನ ಖಾಸಗಿ ಪ್ರಸಾರವನ್ನು ನೋಡಿಕೊಳ್ಳುತ್ತಿದ್ದ ಮಂಡಳಿ ಆ ಹಾಡಿಗೆ ನಿಷೇಧ ಹಾಕಿತು. ಮೂರು ವರ್ಷದ ಮೇಲೆ, 1991ರಲ್ಲಿ, ಕೋರ್ಟು ಆ ಆರೂ ಜನರ ಶಿಕ್ಷೆಯನ್ನು ರದ್ದು ಮಾಡಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರ ಬದುಕಿನ 16 ವರ್ಷ ಜೈಲಿನಲ್ಲೇ ಕಳೆದುಹೋಗಿತ್ತು. ಇಷ್ಟಾದ ಮೇಲೂ ಇದನ್ನು ನಾಟಕ ಎನ್ನುವುದಾದರೆ ಅನ್ನಲಿ ಬಿಡಿ.

'ಅಸಲಿ ಅಲ್ಲ' ಎಂಬ ಮಾತನ್ನು ಮೊದಲು ಆಡಿದ್ದೂ ನಿಮ್ಮ ಸೀನಿಯರ್ ಅಲ್ಲ. 1985ರಲ್ಲಿ ಐರ್ಲೆಂಡಿನ ರೇಡಿಯೋ ಕಾರ್ಯಕ್ರಮವೊಂದರಲ್ಲಿ ನೋಯೆಲ್ ಹಿಲ್ ಎಂಬ ಹೆಸರಾಂತ ಕಾನ್ಸರ್ಟಿನಾ (ಅಕಾರ್ಡಿಯನ್ ಥರದ ಪುಟ್ಟ ವಾದ್ಯ) ವಾದಕರು ಪೋಗ್ಸ್ ಎದುರಿಗೇ, ನೀವು ಮಾಡುತ್ತಿರುವುದು ಐರಿಶ್ ಸಂಗೀತದ ಗರ್ಭಪಾತ ಎನ್ನುವ ಮಟ್ಟಕ್ಕೆ ಜರೆದರು. ಪೋಗ್ಸ್ ಏನು ಮಾಡಿದರು ಗೊತ್ತಾ? ಮರುವರ್ಷ ಬಂದ ರೆಕಾರ್ಡಿನಲ್ಲಿ ಒಂದು ವಾದ್ಯದ ತುಣುಕಿಗೆ 'ಪ್ಲಾಂಕ್ಸ್‌ಟಿ ನೋಯೆಲ್ ಹಿಲ್' ಎಂದು ಹೆಸರಿಟ್ಟರು. ಐರ್ಲೆಂಡಿನಲ್ಲಿ ಹಿಂದೆ ಹಾರ್ಪ್ ವಾದಕರು ತಮಗೆ ಆಶ್ರಯ ಕೊಟ್ಟ ದೊಡ್ಡವರ ಗೌರವಕ್ಕೆ ಕಟ್ಟುತ್ತಿದ್ದ ಕೃತಿಗಳಿಗೆ ಪ್ಲಾಂಕ್ಸ್‌ಟಿ ಎನ್ನುತ್ತಿದ್ದರು. ಬೈದವರ ಹೆಸರಿನಲ್ಲೇ ಗೌರವ ಕೃತಿ! ನನಗೆ ಪೋಗ್ಸ್ ಇಷ್ಟವಾಗಲು ಇಂಥ ತುಂಟತನವೂ ಒಂದು ಕಾರಣ.

ವಾದ್ಯಗಳನ್ನು ನೋಡಿದರೂ 'ಅಸಲಿ' ಎನ್ನುವುದು ಹಿಡಿತಕ್ಕೆ ಸಿಗುವುದಿಲ್ಲ. ಬ್ಯಾಂಜೋದ ಬೇರು ಇರುವುದು ಅಮೆರಿಕಕ್ಕೆ ಗುಲಾಮರಾಗಿ ಹೋದ ಆಫ್ರಿಕನ್ನರ ಬಳಿ. ಅಕಾರ್ಡಿಯನ್ ಜರ್ಮನಿ-ಆಸ್ಟ್ರಿಯಾ ಕಡೆಯ ಸರಕು. ಬುಜೂಕಿ ಎಂಬ ತಂತಿವಾದ್ಯ ಗ್ರೀಸ್ ದೇಶದ್ದು. ಅದು ಐರಿಶ್ ಸಂಗೀತದೊಳಗೆ ಬಂದಿದ್ದೇ 1960ರ ದಶಕದಲ್ಲಿ, ಸ್ವೀನೀಸ್ ಮೆನ್ ಎಂಬ ತಂಡದ ಜಾನಿ ಮಾಯ್ನಿಹನ್ ಮೂಲಕ. ಅದೇ ತಂಡದಲ್ಲಿದ್ದ ಟೆರಿ ವುಡ್ಸ್ ಮುಂದೆ ಪೋಗ್ಸ್ ಸೇರಿದರು. ಇವತ್ತು ಡಬ್ಲಿನ್‌ನ ಪಬ್‌ಗಳಲ್ಲಿ ಈ ಮೂರೂ ವಾದ್ಯ ಮನೆಯ ಮಕ್ಕಳ ಥರ ಕೂತಿರುತ್ತವೆ.

ಇನ್ನು ಅಮೆರಿಕದ ಕಥೆ. 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು. 10 ಲಕ್ಷಕ್ಕೂ ಜಾಸ್ತಿ ಜನ ಹಡಗು ಹತ್ತಿದರು. ಬಾಸ್ಟನ್, ನ್ಯೂಯಾರ್ಕ್ ಕಡೆ ಇಳಿದವರ ಮರಿಮೊಮ್ಮಕ್ಕಳು ಈಗಲೂ ತಮ್ಮನ್ನು ಐರಿಶ್ ಎಂದೇ ಹೇಳಿಕೊಳ್ಳುತ್ತಾರೆ. ಡ್ರಾಪ್‌ಕಿಕ್ ಮರ್ಫೀಸ್ ಹುಟ್ಟಿದ್ದು ಅಂಥ ಕಡೆ, ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ, 1996ರಲ್ಲಿ. ಇವರ ಹಾಡುಗಳಲ್ಲಿ ಐರ್ಲೆಂಡಿಗಿಂತ ಜಾಸ್ತಿ ಇರುವುದು ಬಾಸ್ಟನ್‌ನ ಕೂಲಿ ಕಾರ್ಮಿಕರು, ಕಾರ್ಮಿಕ ಸಂಘ, ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ. ಐರಿಶ್ ಸಂಗೀತ ಬೇಕು ಎಂದು ಅವರ ಬಳಿ ಹೋದರೆ ಸ್ವಲ್ಪ ನಿರಾಸೆ ಆಗಬಹುದು. ಬಾಸ್ಟನ್ ಸಂಗೀತ ಎಂದುಕೊಂಡು ಕೇಳಿ, ಸರಿಹೋಗುತ್ತದೆ.

ನಿಮಗೆ ಹುಚ್ಚು ಹಿಡಿಸಿದ ಹಾಡನ್ನೇ ಇನ್ನೊಂದು ಸಲ ಹಾಕಿ, ಈ ಸಲ ಮಾತು ಕೇಳಿಸಿಕೊಳ್ಳಿ. ಒಬ್ಬ ನಾವಿಕ. ಹಡಗಿನ ಮೇಲಿನ ಹಾಯಿಗೆ ಹತ್ತುವಾಗ ಕಾಲು ಕಳೆದುಕೊಂಡಿದ್ದಾನೆ. ಮರದ ಕಾಲು ಹುಡುಕಲು ಬಾಸ್ಟನ್‌ಗೆ ಹೊರಟಿದ್ದಾನೆ. ಕಥೆ ಮುಗಿಯಿತು! ಅಷ್ಟನ್ನೇ ಕೂಗಿ ಕೂಗಿ ಹೇಳುತ್ತಾರೆ. ಈ ಸಾಲುಗಳನ್ನು ಬರೆದವರು ಡ್ರಾಪ್‌ಕಿಕ್ ಮರ್ಫೀಸ್ ಅಲ್ಲ, 1967ರಲ್ಲಿ ತೀರಿಕೊಂಡ ಅಮೆರಿಕದ ಜನಪದ ಹಾಡುಗಾರ ವುಡಿ ಗತ್ರಿ. ಅವರ ಮಗಳು ನೋರಾ ಗತ್ರಿ ಅಪ್ಪನ ಕಾಗದಪತ್ರಗಳನ್ನು ತಂಡಕ್ಕೆ ತೆರೆದಿಟ್ಟಾಗ ಸಿಕ್ಕಿದ ಒಂದು ಚೂರು ಅದು. 2005ರ 'ದಿ ವಾರಿಯರ್ಸ್ ಕೋಡ್' ಆಲ್ಬಮ್‌ನಲ್ಲಿ ಬಂತು, ಮರುವರ್ಷ ಸಿನಿಮಾಕ್ಕೆ ಹೋಯಿತು. 2022ರಲ್ಲಿ ಗತ್ರಿಯವರ ಸಾಲುಗಳಿಗೇ ರಾಗ ಕಟ್ಟಿ, ಎಲೆಕ್ಟ್ರಿಕ್ ಗಿಟಾರ್ ಪಕ್ಕಕ್ಕಿಟ್ಟು, ಒಂದು ಇಡೀ ಆಲ್ಬಮ್ ಮಾಡಿದ್ದಾರೆ. ಅದನ್ನು ನಿಮ್ಮ ಸೀನಿಯರ್‌ಗೆ ಕೇಳಿಸಿ.

ಫ್ಲಾಗಿಂಗ್ ಮಾಲಿಯ ಡೇವ್ ಕಿಂಗ್ ಮಾತ್ರ ಡಬ್ಲಿನ್‌ನಲ್ಲೇ ಹುಟ್ಟಿ ಬೆಳೆದವರು. ಮೊದಲು ಫಾಸ್ಟ್‌ವೇ ಎಂಬ ಹೆವಿ ಮೆಟಲ್ ತಂಡದಲ್ಲಿ ಹಾಡುತ್ತಿದ್ದರು. ಲಾಸ್ ಏಂಜಲೀಸ್‌ಗೆ ಹೋಗಿ, ಮಾಲಿ ಮಲೋನ್ಸ್ ಎಂಬ ಪಬ್‌ನಲ್ಲಿ ವಾರವಾರ ನುಡಿಸುತ್ತಾ ನುಡಿಸುತ್ತಾ ತಂಡ ಕಟ್ಟಿದರು. ತಂಡದ ಹೆಸರಿನಲ್ಲಿರುವ ಮಾಲಿ ಬಂದಿದ್ದೂ ಆ ಪಬ್‌ನಿಂದಲೇ. ಬ್ರಿಜೆಟ್ ರೀಗನ್ ಅವರ ಫಿಡಲ್ ಇಲ್ಲದೆ ಆ ತಂಡವನ್ನು ಕಲ್ಪಿಸಿಕೊಳ್ಳುವುದು ಕಷ್ಟ. 2000ದ 'ಸ್ವಾಗರ್', 2002ರ 'ಡ್ರಂಕನ್ ಲಲಬೀಸ್' ಎರಡನ್ನೂ ಪೂರ್ತಿ ಕೇಳಿ. ಎರಡನೆಯದರ ಹೆಸರಿನ ಹಾಡು ಕೇಳಲು ಕುಡಿತದ ಹಾಡಿನಂತಿದೆ. ಒಳಗಿರುವುದು ಉತ್ತರ ಐರ್ಲೆಂಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ರಕ್ತಪಾತದ ಮೇಲಿನ ಸಿಟ್ಟು. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ಹೊತ್ತಿಗೆ ಅಲ್ಲಿನ ಗಲಭೆಗಳಲ್ಲಿ ಸುಮಾರು 3,500 ಜನ ಸತ್ತಿದ್ದರು. ಇಲ್ಲಿ ಒಂದು ಕಿವಿಮಾತು. ಐರಿಶ್ ಹಳೇ ಹಾಡುಗಳಲ್ಲಿ ಬಂದೂಕಿನ ಪರ ನಿಲ್ಲುವ ಬಂಡಾಯದ ಹಾಡುಗಳು ಬೇಕಾದಷ್ಟಿವೆ. ಕೇಳಬೇಡಿ ಎನ್ನುವುದಿಲ್ಲ. ತಾಳ ಚೆನ್ನಾಗಿದೆ ಎಂದು ಸುಮ್ನೆ ಕೂಗುವ ಮೊದಲು ಯಾರ ಮೇಲೆ, ಯಾವಾಗ, ಯಾಕೆ ಬರೆದದ್ದು ಎಂದು ಓದಿಕೊಳ್ಳಿ. ಆ ಕಡೆ ಮನೆಯವರನ್ನು ಕಳೆದುಕೊಂಡವರು ಇನ್ನೂ ಬದುಕಿದ್ದಾರೆ.

ಈಗ ನಿಮ್ಮ ತಂದೆಯವರ ಮಾತು. ಅವರನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಡುಗಳ ತುಂಬ ಕುಡಿತ ಇದೆ. ಅದಕ್ಕೆ ಕಾರಣವೂ ಇದೆ. ಲಂಡನ್‌ನ ಕ್ಯಾಮ್ಡನ್, ಕಿಲ್ಬರ್ನ್ ಕಡೆ ಕಟ್ಟಡ ಕೆಲಸಕ್ಕೆ ಬಂದ ಒಂಟಿ ಗಂಡಸರಿಗೆ ಊರಿನವರು ಸಿಗುವ ಜಾಗ, ಕೆಲಸದ ಸುದ್ದಿ ಸಿಗುವ ಜಾಗ, ಹಾಡು ಸಿಗುವ ಜಾಗ ಎಲ್ಲ ಪಬ್ಬೇ ಆಗಿತ್ತು. ಆದರೆ ಮೆಕ್‌ಗೋವನ್ ವಿಷಯದಲ್ಲಿ ಕುಡಿತ ಹಾಡಿನೊಳಗೆ ಮಾತ್ರ ಉಳಿಯಲಿಲ್ಲ. ಮೇಳಕ್ಕೆ ಬಾರದೆ ಕೈಕೊಡುವುದು, ವೇದಿಕೆಯಲ್ಲಿ ನಿಲ್ಲಲಾಗದಿರುವುದು ಹೆಚ್ಚಾಗಿ, 1991ರಲ್ಲಿ ಜಪಾನ್ ಪ್ರವಾಸದಲ್ಲಿದ್ದಾಗ ಗೆಳೆಯರೇ ಅವರನ್ನು ತಂಡದಿಂದ ಕೈಬಿಟ್ಟರು. ಹಲ್ಲು ಹೋಯಿತು, ಆರೋಗ್ಯ ಹೋಯಿತು. ಅಂಥ ಪ್ರತಿಭೆಯ ಅತ್ಯುತ್ತಮ ಹಾಡುಗಳು ಹೆಚ್ಚುಕಡಿಮೆ ಏಳೆಂಟು ವರ್ಷದೊಳಗೇ ಮುಗಿದುಹೋದವು. ಕುಡಿತದಿಂದಲೇ ಆ ಹಾಡು ಬಂತು ಎನ್ನುವವರ ಮಾತು ನಂಬಬೇಡಿ. ಕುಡಿತದಿಂದ ಆ ಹಾಡು ನಿಂತುಹೋಯಿತು.

ನಿಮ್ಮ ತಂದೆಗೆ ಹೇಳಲು ಒಂದು ಸಂಗತಿ ಕೊಡುತ್ತೇನೆ. ಡ್ರಾಪ್‌ಕಿಕ್ ಮರ್ಫಿ ಎನ್ನುವುದು ಮ್ಯಾಸಚೂಸೆಟ್ಸ್‌ನ ಒಬ್ಬ ಕುಸ್ತಿಪಟುವಿನ ಅಡ್ಡಹೆಸರು. ಆಕ್ಟನ್ ಎಂಬ ಊರಿನಲ್ಲಿ ಕುಡಿತ ಬಿಡಿಸುವ ಕೇಂದ್ರ ನಡೆಸುತ್ತಿದ್ದವರು ಅವರು. ತಂಡದ ಹೆಸರು ಅಲ್ಲಿಂದ ಬಂದದ್ದು. ತಂಡ ಕಟ್ಟಿದ ಕೆನ್ ಕೇಸಿ ಕೂಡ ಕುಡಿಯುವುದಿಲ್ಲ.

ಸರಿ, ಏನು ಕೇಳಬೇಕು? ಪೋಗ್ಸ್‌ನ 1985ರ 'ರಮ್, ಸಾಡಮಿ ಅಂಡ್ ದ ಲ್ಯಾಶ್' ಆಲ್ಬಮ್‌ನಿಂದ ಶುರು ಮಾಡಿ. ಇಂಗ್ಲಿಷ್ ಹಾಡುಗಾರ ಎಲ್ವಿಸ್ ಕಾಸ್ಟೆಲೋ ನಿರ್ಮಿಸಿದ್ದು. ಮೊದಲ ಹಾಡು 'ದಿ ಸಿಕ್ ಬೆಡ್ ಆಫ್ ಕುಖುಲಿನ್'. ಮೊದಲ ಸಾಲುಗಳು ನಿಧಾನ, ಹಾಸಿಗೆ ಹಿಡಿದವನ ಪಕ್ಕ ಕೂತು ಹಾಡಿದಂತೆ. ಇದ್ದಕ್ಕಿದ್ದಂತೆ ಡ್ರಮ್ ಬೀಳುತ್ತದೆ, ಎಲ್ಲರೂ ಓಡಲು ಶುರು. ಕುಖುಲಿನ್ ಐರಿಶ್ ಪುರಾಣದ ಮಹಾವೀರ. ಆ ಹೆಸರನ್ನು ಇಪ್ಪತ್ತನೇ ಶತಮಾನದ ಒಬ್ಬ ಸೋತು ಸುಣ್ಣವಾದ ಮನುಷ್ಯನಿಗೆ ಕಟ್ಟಿದ್ದಾರೆ. ಪುರಾಣವನ್ನು ಬೀದಿಗೆ ತಂದು ನಿಲ್ಲಿಸುವುದು ಎಂದರೆ ಇದು. ಅದೇ ಆಲ್ಬಮ್‌ನ 'ಡರ್ಟಿ ಓಲ್ಡ್ ಟೌನ್' ಅನ್ನು ಡಬ್ಲಿನ್ ಹಾಡು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಇಂಗ್ಲೆಂಡಿನ ಸಾಲ್ಫರ್ಡ್ ಎಂಬ ಕಾರ್ಖಾನೆ ಊರಿನ ಮೇಲೆ ಇವಾನ್ ಮೆಕಾಲ್ 1949ರಲ್ಲಿ ಬರೆದದ್ದು.

ಆ ಮೆಕಾಲ್ ಅವರ ಮಗಳೇ ಕರ್ಸ್‌ಟಿ ಮೆಕಾಲ್. 'ಫೇರಿಟೇಲ್ ಆಫ್ ನ್ಯೂಯಾರ್ಕ್' ಹಾಡಿನಲ್ಲಿ ಶೇನ್ ಜೊತೆ ಜಗಳವಾಡುವ ಹೆಣ್ಣು ದನಿ ಅವರದು. 1987ರಲ್ಲಿ ಬಂದ ಹಾಡು, ಮರುವರ್ಷದ 'ಇಫ್ ಐ ಶುಡ್ ಫಾಲ್ ಫ್ರಮ್ ಗ್ರೇಸ್ ವಿತ್ ಗಾಡ್' ಆಲ್ಬಮ್‌ನಲ್ಲಿದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಪೊಲೀಸ್ ಲಾಕಪ್‌ನಲ್ಲಿ ಬಿದ್ದ ಕುಡುಕನ ನೆನಪಿನಿಂದ ಶುರುವಾಗುತ್ತದೆ. ಅಮೆರಿಕಕ್ಕೆ ಬಂದು ಎಲ್ಲ ಕನಸೂ ಹಾಳಾದ ಗಂಡು-ಹೆಣ್ಣು, ಇಬ್ಬರ ಬಾಯಲ್ಲೂ ಹೊಲಸು ಬೈಗುಳ, ಕೊನೆಗೂ ಬಿಟ್ಟಿರಲಾಗದ ಪ್ರೀತಿ. ಪಲ್ಲವಿಯಲ್ಲಿ ಹಾಡುವ ನ್ಯೂಯಾರ್ಕ್ ಪೊಲೀಸ್ ಗಾಯನವೃಂದ ಎಂಬುದು ನಿಜದಲ್ಲಿ ಇಲ್ಲವೇ ಇಲ್ಲ! ಕರ್ಸ್‌ಟಿ 2000ದ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಸಮುದ್ರದಲ್ಲಿ ಸ್ಪೀಡ್‌ಬೋಟ್ ಬಡಿದು ತೀರಿಕೊಂಡರು. ಶೇನ್ ತೀರಿಕೊಂಡದ್ದು 2023ರ ನವೆಂಬರ್ 30ರಂದು. ಟಿಪ್ಪರೇರಿಯ ನೀನಾ ಪಟ್ಟಣದ ಚರ್ಚಿನಲ್ಲಿ ಶವಸಂಸ್ಕಾರದ ಪೂಜೆ ನಡೆದಾಗ ಐರಿಶ್ ಗಾಯಕರಾದ ಗ್ಲೆನ್ ಹ್ಯಾನ್ಸರ್ಡ್ ಮತ್ತು ಲೀಸಾ ಓನೀಲ್ ಇದೇ ಹಾಡು ಹಾಡಿದರು. ಬಂಧುಗಳು ಶವಪೆಟ್ಟಿಗೆಯ ಹತ್ತಿರವೇ ಎದ್ದು ಕುಣಿದರು. ಅದರ ವಿಡಿಯೋ ಸಿಗುತ್ತದೆ, ನೋಡಿ. ಅದೇ ಆಲ್ಬಮ್‌ನಲ್ಲಿ ಪೋಗ್ಸ್‌ನ ಗಿಟಾರ್ ವಾದಕ ಫಿಲಿಪ್ ಷೆವ್ರನ್ ಬರೆದ 'ಥೌಸಂಡ್ಸ್ ಆರ್ ಸೇಲಿಂಗ್' ಇದೆ. ನನ್ನ ಕೇಳಿದರೆ, ವಲಸೆ ಕುರಿತು ಈ ಇಡೀ ಪ್ರಕಾರದಲ್ಲಿ ಅದಕ್ಕಿಂತ ಒಳ್ಳೆಯ ಹಾಡಿಲ್ಲ. ಶೇನ್ ಹೋದ ಮೇಲಿನ ಪೋಗ್ಸ್ ಆಲ್ಬಮ್ ಎರಡೂ ಬಿಟ್ಟರೆ ನಷ್ಟವೇನಿಲ್ಲ.

ಅಲ್ಲಿಂದ ಹಿಂದಕ್ಕೆ ಹೋಗಿ. ಇದು ಮುಖ್ಯ. ಬಹಳ ಅಭಿಮಾನಿಗಳು ಪಂಕ್ ತಂಡದಿಂದ ಪಂಕ್ ತಂಡಕ್ಕೆ ಹಾರುತ್ತಾ ಹೋಗುತ್ತಾರೆ, ಆರು ತಿಂಗಳಲ್ಲಿ ಎಲ್ಲ ಒಂದೇ ಥರ ಕೇಳಿಸಿ ಬೇಜಾರಾಗುತ್ತದೆ. ಹಸಿರು ಟೋಪಿ, ಬಿಯರ್ ಮಗ್, ಕಡಲ್ಗಳ್ಳರ ವೇಷ ಇಷ್ಟೇ ಬಂಡವಾಳ ಮಾಡಿಕೊಂಡ ತಂಡಗಳು ಜಗತ್ತಿನ ತುಂಬ ಇವೆ. ನೀವು ದಿ ಡಬ್ಲಿನರ್ಸ್ ಕೇಳಿ. 1962ರಲ್ಲಿ ಡಬ್ಲಿನ್‌ನ ಓಡೊನಹ್ಯೂಸ್ ಪಬ್‌ನಲ್ಲಿ ಕೂಡಿಕೊಂಡವರು. ರಾನಿ ಡ್ರೂ ಅವರ ಜಲ್ಲಿಕಲ್ಲಿನ ದನಿ, ಲೂಕ್ ಕೆಲಿ ಅವರ ಎದೆ ಸೀಳುವ ದನಿ. ಪೋಗ್ಸ್ ಒರಟುತನದ ಮೂಲ ಇಲ್ಲೇ ಇದೆ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. 1987ರಲ್ಲಿ ಎರಡೂ ತಂಡ ಸೇರಿ ಹಾಡಿದ 'ದಿ ಐರಿಶ್ ರೋವರ್' ಸೇತುವೆಗೆ ಸಾಕು. ಆಮೇಲೆ 1970ರ ದಶಕದ ಪ್ಲಾಂಕ್ಸ್‌ಟಿ ತಂಡ. ಅಲ್ಲಿ ಉಲಿಯನ್ ಪೈಪ್ಸ್ ಎಂಬ ವಾದ್ಯ ಕೇಳುತ್ತೀರಿ. ಪೊಲೀಸ್ ಬ್ಯಾಂಡುಗಳಲ್ಲಿ ನೋಡುವ ಬ್ಯಾಗ್‌ಪೈಪ್‌ನ ತಂಗಿ ಎನ್ನಿ. ಬಾಯಿಂದ ಊದುವುದಿಲ್ಲ, ಮೊಣಕೈ ಕೆಳಗೆ ತಿದಿ ಒತ್ತಿ ಗಾಳಿ ತುಂಬುತ್ತಾರೆ. ದನಿ ಮೆದು. ಈಗಿನವರಲ್ಲಿ ಡಂಡಾಕ್‌ನ ದಿ ಮೇರಿ ವಾಲಪರ್ಸ್, ಡಬ್ಲಿನ್‌ನ ಲಂಕಮ್ ಎರಡನ್ನೂ ಬಿಡಬೇಡಿ. ಲಂಕಮ್ ರಾತ್ರಿ ಒಬ್ಬರೇ ಇದ್ದಾಗ ಕೇಳಿದರೆ ಸ್ವಲ್ಪ ಭಯವಾಗುತ್ತದೆ, ಮೊದಲೇ ಹೇಳಿದ್ದೇನೆ.

ನಿಮ್ಮ ಜೂನಿಯರ್ ಪಾಠ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಐರಿಶ್ ಕುಣಿತದ ಮಟ್ಟುಗಳಲ್ಲಿ ಜಿಗ್ ಎಂದರೆ ತಕಿಟ ತಕಿಟ. ರೀಲ್ ಎಂದರೆ ತಕಧಿಮಿ ತಕಧಿಮಿ. ಸ್ಲಿಪ್ ಜಿಗ್‌ನಲ್ಲಿ ಒಂದು ಸುತ್ತಿಗೆ ಮೂರು ತಕಿಟ. 'ಫೇರಿಟೇಲ್' ಹಾಡಿನ ನಿಧಾನದ ಪಿಯಾನೋ ಭಾಗ ಮುಗಿದು ವೇಗ ಹಿಡಿಯುವಲ್ಲಿ ತೊಡೆ ತಟ್ಟಿ ನೋಡಿ, ತಕಿಟ ತಾನಾಗಿ ಬರುತ್ತದೆ. ಮಟ್ಟುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಹಳೇ ಪದ್ಧತಿಯಲ್ಲಿ ಎಲ್ಲ ವಾದ್ಯವೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತವೆ, ಗಿಟಾರಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆಮೇಲೆ ಸೇರಿಕೊಂಡವು. ಪಂಕ್‌ನವರಿಗೆ ಇದು ಹೇಳಿ ಮಾಡಿಸಿದಂತಿತ್ತು. ಮಟ್ಟು ಮೊದಲೇ ವೇಗದ್ದು, ಕೆಳಗೆ ಮೂರು ಕಾರ್ಡ್ ಮತ್ತು ಡ್ರಮ್ ಹಾಕಿದರೆ ಮುಗಿಯಿತು.

ಇನ್ನೊಂದು ನಂಟು ಹೇಳುತ್ತೇನೆ. ಪಾಠದಲ್ಲಿ ನೋಟ್ಟುಸ್ವರ ಹಾಡಿದ್ದಿರಾ? ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಬ್ರಿಟಿಷರ ಬ್ಯಾಂಡಿನಲ್ಲಿ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿದ್ದು. ಅದರಲ್ಲಿ 'ವಂದೇ ಮೀನಾಕ್ಷಿ' ಎಂಬುದರ ಮಟ್ಟು 'ದಿ ರೇಕ್ಸ್ ಆಫ್ ಮ್ಯಾಲೋ' ಎಂಬ ಐರಿಶ್ ಹಾಡಿನದು. ಮ್ಯಾಲೋ ಐರ್ಲೆಂಡಿನ ಕಾರ್ಕ್ ಸೀಮೆಯ ಪಟ್ಟಣ. ಹಾಡಿನಲ್ಲಿರುವುದು ಆ ಊರಿನ ಪೋಲಿ ಹುಡುಗರ ಕುಡಿತ, ಕುಣಿತ, ದುಂದುಗಾರಿಕೆ. ದೀಕ್ಷಿತರು ಅದೇ ಮಟ್ಟಿನಲ್ಲಿ ಮಧುರೆಯ ಮೀನಾಕ್ಷಿಗೆ ಕೈಮುಗಿದರು. ನಿಮ್ಮ ತಂದೆಗೆ ಸಂಗೀತ ಇಷ್ಟವಿದ್ದರೆ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ತೋರಿಸಿ.

ವಾದ್ಯಕ್ಕೆ ಬಂದರೆ, ಟಿನ್ ವಿಸಿಲ್ ತೆಗೆದುಕೊಳ್ಳಿ. ಆರು ತೂತಿನ ತಗಡಿನ ಕೊಳವೆ, ಪೀಪಿಯ ಹಾಗೆ ನೇರ ಊದುವುದು. ಬೆಲೆ ಜಾಸ್ತಿ ಇಲ್ಲ. ನಮ್ಮ ಕೊಳಲಿನಲ್ಲಿ ಮೊದಲ ನಾದ ಹೊರಡಿಸುವುದೇ ಒಂದು ಸಾಹಸ. ಇದರಲ್ಲಿ ಆ ಕಷ್ಟವಿಲ್ಲ, ಮೊದಲ ದಿನವೇ ಸ್ವರ ಬರುತ್ತದೆ. ಬೆರಳು ಒಂದೊಂದೇ ಎತ್ತಿದರೆ ಶಂಕರಾಭರಣದ ಆರೋಹಣ ಸಿಗುತ್ತದೆ. ಕೊಳ್ಳುವಾಗ 'ಡಿ' ಶ್ರುತಿಯದ್ದೇ ಕೇಳಿ, ಹೆಚ್ಚಿನ ಐರಿಶ್ ಮಟ್ಟುಗಳು ಅದಕ್ಕೇ ಹೊಂದುತ್ತವೆ. 'ಸಿ' ಶ್ರುತಿಯದ್ದು ಕೊಟ್ಟರೆ ವಾಪಸ್ ಕೊಡಿ. ಮೊದಲು 'ದಿ ರೇಕ್ಸ್ ಆಫ್ ಮ್ಯಾಲೋ' ಕಲಿಯಿರಿ. 'ವಂದೇ ಮೀನಾಕ್ಷಿ' ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ 'ದಿ ಐರಿಶ್ ವಾಷರ್‌ವುಮನ್' ಎಂಬ ಜಿಗ್. ವೇಗಕ್ಕೆ ಆತುರ ಬೇಡ, ಮೊದಲ ಕಾಲದಲ್ಲಿ ಗಟ್ಟಿ ಮಾಡಿಕೊಳ್ಳಿ. ಸ್ವರವನ್ನು ಎಳೆದು ಗಮಕ ಕೊಡುವ ಅಭ್ಯಾಸ ಇದ್ದರೆ ಇಲ್ಲಿ ತಡೆಯಿರಿ. ಇವರ ಅಲಂಕಾರ ಬೇರೆ. ಪಕ್ಕದ ಬೆರಳನ್ನು ಥಟ್ಟನೆ ಎತ್ತಿ ಇಟ್ಟು ಸ್ವರವನ್ನು ಕತ್ತರಿಸುತ್ತಾರೆ, ಅದನ್ನು ಕಟ್ ಎನ್ನುತ್ತಾರೆ. ಮೊದಲ ತಿಂಗಳು ಅದೊಂದು ಸಾಕು. ಮೇಲಿನ ಸ್ಥಾಯಿ ಮಾತ್ರ ಕಿವಿಗೆ ಚುಚ್ಚುತ್ತದೆ, ಹಾಸ್ಟೆಲ್‌ನಲ್ಲಿ ರಾತ್ರಿ ಹೊತ್ತು ಟೆರೇಸ್‌ಗೆ ಹೋಗಿ ನುಡಿಸಿ.